ಓಡುವ ಬಸ್ಸಿಗೆ ಹತ್ತುವ ಎಲೆಕ್ಟ್ರಾನ್

ಕೇಳುಗರಿಗೆ ನಮಸ್ಕಾರ. ಮಂಗಳೂರಿನಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನ ಓಟ ನಿಮಗೆ ಗೊತ್ತೇ ಇದೆ. ಮುಲ್ಕಿಯ ಹತ್ತಿರ ಸ್ವಲ್ಪ ನಿಧಾನ ಮಾಡಿದರೆ ಯಾರಾದರೂ ಹಾರಿ ಹತ್ತಿಕೊಳ್ಳುತ್ತಾರೆ. ಮಾಡದಿದ್ದರೆ ಹತ್ತುವ ಮಾತೇ ಇಲ್ಲ. ಬದಲಿಗೆ ಕಿಟಕಿ ಬದಿ ಕೂತವರ ಪೇಪರು ಗಾಳಿಗೆ ಹಾರಿಹೋಗುತ್ತದೆ, ಅಲ್ವಾ?

ಇವತ್ತು ನಾನು ಹೇಳುವ ಬಸ್ಸು ಬಹಳ ಚಿಕ್ಕದು. ಮೂರು, ಐದು, ಹತ್ತು ಇಂಗಾಲದ ಪರಮಾಣುಗಳು ಸೇರಿದ ಗುಂಪು. ಇದೇನೂ ಅಪರೂಪದ ವಸ್ತುವಲ್ಲ. ಎರಡು ಪರಮಾಣುಗಳ ಜೋಡಿ ನಿಮ್ಮ ಗ್ಯಾಸ್ ಒಲೆಯ ನೀಲಿ ಉರಿಯಲ್ಲೇ ಇದೆ. ಕೆಲವು ಧೂಮಕೇತುಗಳ ತಲೆ ಹಸಿರಾಗಿ ಕಾಣುವುದೂ ಅದರಿಂದಲೇ.

ಪ್ಯಾರಿಸ್ ಪಕ್ಕದ ಒರ್ಸೆಯಲ್ಲಿ ವಿಜ್ಞಾನಿಗಳು ಒಂದು ಎಲೆಕ್ಟ್ರಾನ್ ಕಳೆದುಕೊಂಡ ಇಂಥ ಗುಂಪುಗಳನ್ನು ವೇಗವರ್ಧಕದಲ್ಲಿ ಓಡಿಸಿ, ಹೀಲಿಯಂ ಅನಿಲದೊಳಗೆ ಹಾಯಿಸಿದರು. ಒಂದೊಂದು ಪರಮಾಣುವಿಗೆ ಸುಮಾರು 20 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಅಂದರೆ ಸೆಕೆಂಡಿಗೆ 5,700 ಕಿಲೋಮೀಟರ್ ಆಸುಪಾಸು. ಮಂಗಳೂರಿಂದ ಉಡುಪಿಗೆ ಸೆಕೆಂಡಿನ ನೂರನೇ ಒಂದು ಪಾಲು ಸಾಕು ಮಾರಾಯ್ರೆ! ಕಂಡಕ್ಟರ್ ಸೀಟಿ ಊದಲಿಕ್ಕೂ ಪುರುಸೊತ್ತಿಲ್ಲ.

ಹೀಲಿಯಂನ ಎಲೆಕ್ಟ್ರಾನ್ ಈ ಬಸ್ಸಿಗೆ ಹತ್ತಬೇಕಾದರೆ ತಾನೂ ಅದೇ ವೇಗಕ್ಕೆ ಬರಬೇಕು. ಅದು ಕಷ್ಟ. ಹತ್ತಿತೋ, ಗುಂಪು ವಿದ್ಯುದಾವೇಶವಿಲ್ಲದೆ ತಟಸ್ಥವಾಗುತ್ತದೆ. ಇದೇ ಎಲೆಕ್ಟ್ರಾನ್ ಸೆರೆ. ಗುಂಪಿನದೇ ಇನ್ನೊಂದು ಎಲೆಕ್ಟ್ರಾನ್ ಹೊರಗೆ ಹಾರಿದರೆ ಅದು ಅಯಾನೀಕರಣ, ನಮ್ಮ ಪೇಪರಿನ ಕತೆ. ಅದಕ್ಕೆ ವೇಗ ಹೊಂದಿಸಿಕೊಳ್ಳುವ ತಾಪತ್ರಯವಿಲ್ಲ, ಒಂದು ತಳ್ಳು ಸಾಕು. ಭಾರಿ ವೇಗದಲ್ಲಿ ಓಡುವಾಗ ವೇಗವನ್ನು ಇನ್ನೂ ಎರಡು ಪಟ್ಟು ಮಾಡಿ ನೋಡಿ. ಅಯಾನೀಕರಣದ ಸಾಧ್ಯತೆ ಕಾಲು ಭಾಗದ ಹತ್ತಿರಕ್ಕೆ ಇಳಿಯುತ್ತದೆ, ಅಷ್ಟೇ. ಸೆರೆಯದ್ದು ಸಾವಿರದಲ್ಲೊಂದು ಪಾಲಿಗಿಂತಲೂ ಕೆಳಗೆ ಬೀಳುತ್ತದೆ.

ನನಗೆ ಇದಕ್ಕಿಂತ ಖುಷಿ ಕೊಟ್ಟದ್ದು ಆಮೇಲಿನ ಕತೆ. ಈ ಗಲಾಟೆಯಲ್ಲಿ ಗುಂಪು ಬಿಸಿಯಾಗಿ ಹಲವು ಸಲ ಒಡೆಯುತ್ತದೆ. ಚೂರುಗಳೆಲ್ಲ ಹೆಚ್ಚುಕಡಿಮೆ ಅದೇ ವೇಗದಲ್ಲಿ ಮುಂದೆ ಓಡುತ್ತವೆ. ಆವೇಶ ಇದ್ದವನ್ನು ವಿದ್ಯುತ್ ಕ್ಷೇತ್ರ ಬದಿಗೆ ತಿರುಗಿಸುತ್ತದೆ, ಇಲ್ಲದವು ನೇರ ಹೋಗುತ್ತವೆ. ವೇಗ ಒಂದೇ ಆದ್ದರಿಂದ ಶಕ್ತಿ ಅಳೆದರೆ ಪರಮಾಣು ಎಷ್ಟೆಂದು ಲೆಕ್ಕ ಸಿಗುತ್ತದೆ. ಐದರ ಗುಂಪು ಒಡೆದು ಒಂದು ಚೂರು 60 ಲಕ್ಷ ಎಲೆಕ್ಟ್ರಾನ್ ವೋಲ್ಟ್ ತೋರಿಸಿತು ಅನ್ನಿ. ಅದರಲ್ಲಿರುವುದು ಮೂರು ಪರಮಾಣು. ಉಳಿದ 40 ಲಕ್ಷ ಬಾಕಿ ಎರಡು ಪರಮಾಣುಗಳದ್ದು. ತಟಸ್ಥ ಗುಂಪು ಒಡೆಯುವಾಗ ಈ ಮೂರರ ಚೂರು ಮತ್ತೆ ಮತ್ತೆ ಕಾಣಿಸುತ್ತದೆ. ಅದರ ಬಂಧ ಅಷ್ಟು ಗಟ್ಟಿ. ನಮಸ್ಕಾರ.