ಉಪ್ಪುನೀರಿನ ಟ್ಯಾಂಕಿನಲ್ಲಿ ಹುಳು ಕಂಡರೆ

ಎಲ್ಲರಿಗೂ ನಮಸ್ಕಾರ.

ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಒಂದಲ್ಲ ಒಂದು ರಾತ್ರಿ ಲೈಟ್ ಆರಿಸಿ, ಟಾರ್ಚ್ ಹಿಡಿದು ಒಳಗೆ ಇಣುಕಿಯೇ ಇಣುಕುತ್ತಾರೆ. ಹಗಲೆಲ್ಲ ಖಾಲಿ ಕಂಡಿದ್ದ ಕಲ್ಲಿನ ಸಂದಿಯಿಂದ ಗುಲಾಬಿ ಬಣ್ಣದ ಹುಳುವೊಂದು ಅರ್ಧ ಮೈ ಹೊರಗೆ ಚಾಚಿರುತ್ತದೆ. ಎರಡೂ ಮಗ್ಗುಲಲ್ಲಿ ಬಿಳಿ ಕೂದಲಿನ ಸಾಲು. ಮರಳಿನ ಮೇಲೆ ಬಿದ್ದ ಆಹಾರದ ಚೂರು ಬಾಯಲ್ಲಿ. ಬೆಳಕು ಬಿತ್ತೋ, ಸರ್ರನೆ ಒಳಗೆ. ಅಲ್ಲಿಗೆ ನಮ್ಮ ನೆಮ್ಮದಿ ಹಾಳು. ಮಾರನೇ ದಿನದ ಪ್ರಶ್ನೆ ಒಂದೇ: ಇದನ್ನು ಸಾಯಿಸುವುದು ಹೇಗೆ?

ಹೀಗೆ ಕೇಳಿದವರಿಗೆ ನಾನು ತಿರುಗಿ ಕೇಳುವುದು, ಯಾವ ಹುಳು ಅಂತ. ಅದು ಗೊತ್ತಾಗುವವರೆಗೆ ಟ್ಯಾಂಕಿಗೆ ಏನನ್ನೂ ಸುರಿಯಬೇಡಿ. ಹುಳು ಮಾಡುವ ಹಾನಿಗಿಂತ ಹುಳುವಿನ ಮೇಲಿನ ಸಿಟ್ಟಿನಲ್ಲಿ ನಾವು ಮಾಡಿಕೊಳ್ಳುವ ಹಾನಿಯೇ ದೊಡ್ಡದು. ಇವತ್ತು ನಾನು ಹೇಳಬೇಕಾದ್ದು ಮುಖ್ಯವಾಗಿ ಇದನ್ನೇ.

ಇವು ಬರುವುದಾದರೂ ಎಲ್ಲಿಂದ? ಲೈವ್ ರಾಕ್‌ನಿಂದ, ಅಂದರೆ ಕಡಲಿನಿಂದ ಜೀವಿಗಳ ಸಮೇತ ತಂದ ಕಲ್ಲಿನಿಂದ. 1960ರ ದಶಕದ ಆರಂಭದಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಕಡಲಿನ ಜೀವಂತ ಕಲ್ಲು ಇಟ್ಟು, ಗಾಳಿಗುಳ್ಳೆಯಿಂದ ನೀರು ಆಡಿಸಿ ಟ್ಯಾಂಕ್ ನಡೆಸುವ ಪದ್ಧತಿಯನ್ನು ಹವ್ಯಾಸಿಗಳಿಗೆ ಪರಿಚಯಿಸಿದರು. ಆ ಕಲ್ಲಿನ ರಂಧ್ರಗಳಲ್ಲಿರುವ ಬ್ಯಾಕ್ಟೀರಿಯಾ ನೀರನ್ನು ಶುದ್ಧ ಮಾಡುತ್ತದೆ. ಅದೇ ರಂಧ್ರಗಳಲ್ಲಿ ಹುಳುವೂ ಇರುತ್ತದೆ. ಒಂದು ಬೇಕು, ಇನ್ನೊಂದು ಬೇಡ ಅಂದರೆ ಆಗುವುದಿಲ್ಲ ಅಲ್ವಾ? ಕಲ್ಲಿನ ಜೊತೆಗಲ್ಲದೆ ಹೊಸ ಹವಳದ ಬುಡದಲ್ಲಿ, ಪಾಚಿಯ ಗಂಟಿನಲ್ಲಿ, ಇನ್ನೊಬ್ಬರ ಟ್ಯಾಂಕಿನಿಂದ ತಂದ ಒಂದು ಹಿಡಿ ಮರಳಿನಲ್ಲೂ ಬರುತ್ತವೆ.

ಮೊದಲು ಆ ಗುಲಾಬಿ ಹುಳುವಿನ ವಿಚಾರ. ಇದನ್ನು ಬ್ರಿಸಲ್ ವರ್ಮ್ ಅನ್ನುತ್ತೇವೆ. ಎರೆಹುಳುವಿನ ದೂರದ ದಾಯಾದಿ. ಮೈ ತುಂಬ ಖಂಡಗಳು, ಪ್ರತಿ ಖಂಡದ ಎರಡೂ ಬದಿಗೆ ಕೂದಲಿನ ಕುಚ್ಚು. ಕಲ್ಲಿನ ಕೆಳಗೆ ಸತ್ತ ಬಸವನಹುಳು, ಮೀನು ಬಿಟ್ಟ ಎಂಜಲು, ಪಂಪಿನ ಹಿಂದೆ ಕೂತ ಕೊಳೆ, ನಮ್ಮ ಕೈ ಹೋಗದ ಜಾಗದಲ್ಲೆಲ್ಲ ಇದು ಹೋಗಿ ತಿಂದು ಮುಗಿಸುತ್ತದೆ. ಮೀನೊಂದು ರಾತ್ರಿ ಸತ್ತರೆ ಬೆಳಗ್ಗೆ ಅದರ ಮೇಲೆ ಹತ್ತಾರು ಹುಳು ಮುತ್ತಿರುತ್ತವೆ. ನೋಡಿದವರು ಹುಳುವೇ ಕೊಂದಿತು ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ಸತ್ತ ಮೇಲೆ ಬಂದದ್ದು. ಅವು ಬಾರದಿದ್ದರೆ ಆ ಮೀನು ಕಲ್ಲಿನ ಸಂದಿಯಲ್ಲೇ ಕೊಳೆತು ಅಮೋನಿಯಾ ಏರಿಸುತ್ತಿತ್ತು.

ಹಾಗಂತ ಬರಿಗೈಯಲ್ಲಿ ಮುಟ್ಟಬೇಡಿ. ಆ ಕೂದಲು ಚರ್ಮಕ್ಕೆ ಚುಚ್ಚಿ ಅಲ್ಲೇ ಮುರಿಯುತ್ತದೆ. ಗಾಜಿನ ನೂಲು ಹೊಕ್ಕಂತೆ ಉರಿ. ಆಗ ಉಜ್ಜಬಾರದು, ಉಜ್ಜಿದರೆ ಇನ್ನೂ ಒಳಗೆ ಹೋಗುತ್ತದೆ. ಅಂಟುವ ಟೇಪ್ ಒತ್ತಿ ಎಳೆದರೆ ಬಹಳಷ್ಟು ಕಿತ್ತು ಬರುತ್ತದೆ. ಆಮೇಲೆ ವಿನೆಗರ್ ಹಚ್ಚಿದರೆ ಉರಿ ಸ್ವಲ್ಪ ತಗ್ಗುತ್ತದೆ. ಊತ ಏರುತ್ತಾ ಹೋದರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಕಲ್ಲು ಎತ್ತುವಾಗ ಕೈಗೆ ದಪ್ಪ ಗ್ಲೌಸ್ ಇದ್ದರೆ ಈ ರಗಳೆಯೇ ಇಲ್ಲ.

ಬ್ರಿಸಲ್ ವರ್ಮ್ ವಿಪರೀತ ಹೆಚ್ಚಾಗಿದೆ ಅಂದರೆ ದೂರು ಹುಳುವಿನ ಮೇಲಲ್ಲ, ನಮ್ಮ ಮೇಲೆ. ಹಾಕಿದ ಆಹಾರ ಉಳಿಯುತ್ತಿದೆ ಅಂತಲೇ ಅರ್ಥ. ಉಳಿದಷ್ಟೂ ಅವು ಹುಟ್ಟುತ್ತವೆ. ಬೋನು ಇಟ್ಟು ಹಿಡಿಯಬಹುದು. ಸಣ್ಣ ಪ್ಲಾಸ್ಟಿಕ್ ಕೊಳವೆಗೆ ತೂತು ಕೊರೆದು, ಒಳಗೆ ಸೀಗಡಿ ಚೂರಿಟ್ಟು, ಲೈಟ್ ಆರುವ ಹೊತ್ತಿಗೆ ಕಲ್ಲಿನ ಬುಡದಲ್ಲಿ ಇಟ್ಟರೆ ಬೆಳಗ್ಗೆ ಒಳಗೆ ನಾಲ್ಕಾರು ಕೂತಿರುತ್ತವೆ. ಆದರೆ ಆಹಾರ ಕಡಿಮೆ ಮಾಡದೆ ಬೋನು ಇಡುವುದು ವ್ಯರ್ಥ. ಹಿಡಿದಷ್ಟೂ ಮತ್ತೆ ಬರುತ್ತವೆ. ಮೀನು ಎರಡು ನಿಮಿಷದಲ್ಲಿ ಮುಗಿಸುವಷ್ಟು ಮಾತ್ರ ಹಾಕಿ, ಮರಳಿನ ಮೇಲಿನ ಕೊಳೆಯನ್ನು ಸೈಫನ್ ಹಾಕಿ ಎಳೆಯಿರಿ. ಕೆಲವು ವಾರಗಳಲ್ಲಿ ತಾವಾಗಿಯೇ ತಗ್ಗುತ್ತವೆ.

ಈ ಬಳಗದಲ್ಲಿ ನಿಜವಾಗಿಯೂ ಕೆಟ್ಟದ್ದು ಅಂದರೆ ಹರ್ಮೋಡೈಸ್ ಕ್ಯಾರಂಕ್ಯುಲೇಟಾ ಅನ್ನುವ ಗಡ್ಡದ ಫೈರ್ ವರ್ಮ್. ಅಟ್ಲಾಂಟಿಕ್, ಕೆರಿಬಿಯನ್, ಮೆಡಿಟರೇನಿಯನ್ ಕಡೆಯದು. ದಪ್ಪಗಿರುತ್ತದೆ. ಬಿಳಿ ಕೂದಲಿನ ಪಕ್ಕದಲ್ಲೇ ಕೆಂಪು ಕಿವಿರಿನ ಕುಚ್ಚು, ತಲೆಯ ಮೇಲೆ ಮಡಿಕೆ ಮಡಿಕೆಯಾದ ತಿರುಳಿನಂಥ ಉಬ್ಬು. ಹವಳದ ಕೊಂಬೆಯ ತುದಿಯನ್ನು ಬಾಯೊಳಗೆ ತೆಗೆದುಕೊಂಡು ಜೀವದ ಪದರವನ್ನು ಕರಗಿಸಿ ತಿನ್ನುತ್ತದೆ. ಬಿಟ್ಟು ಹೋದ ಮೇಲೆ ಆ ತುದಿ ಬೆಳ್ಳಗೆ ಎಲುಬಿನಂತಿರುತ್ತದೆ. ಇದನ್ನು ಕಂಡರೆ ಮುಲಾಜಿಲ್ಲದೆ ಇಕ್ಕಳದಲ್ಲಿ ಹಿಡಿದು ತೆಗೆಯಿರಿ.

ಇನ್ನು ಯೂನಿಸ್ ಜಾತಿ. ಮೈಗೆ ಮುತ್ತಿನ ಚಿಪ್ಪಿನ ಹೊಳಪು, ತಲೆಯ ಮೇಲೆ ಐದು ಮೀಸೆ. ಚಿಕ್ಕವು ಸುಮ್ನೆ ಎಂಜಲು, ಪಾಚಿ ತಿಂದುಕೊಂಡಿರುತ್ತವೆ. ದೊಡ್ಡವು ಹಾಗಲ್ಲ. ಬಾಬಿಟ್ ವರ್ಮ್ ಅಂತ ಹೆಸರು ಕೇಳಿರುತ್ತೀರಿ, ಅದೇ ಯೂನಿಸ್ ಅಫ್ರೊಡಿಟಾಯ್ಸ್. 2009ರಲ್ಲಿ ಜಪಾನಿನ ಶಿರಾಹಾಮಾ ಬಳಿ ಒಂದು ತೆಪ್ಪದ ತೇಲುಬುರುಡೆಯೊಳಗೆ ಸಿಕ್ಕ ಒಂದರ ಉದ್ದ 299 ಸೆಂಟಿಮೀಟರ್, ಖಂಡಗಳು 673. ಅದೇ ವರ್ಷ ಇಂಗ್ಲೆಂಡಿನ ನ್ಯೂಕೀ ಊರಿನ ಬ್ಲೂ ರೀಫ್ ಅಕ್ವೇರಿಯಂನಲ್ಲಿ ಹವಳಗಳು ಒಂದೊಂದಾಗಿ ತುಂಡಾಗುತ್ತಿದ್ದವು. ರಾತ್ರಿ ಇಟ್ಟ ಬೋನುಗಳೂ ಬೆಳಗ್ಗೆ ನೋಡಿದರೆ ಹಾಳಾಗಿರುತ್ತಿದ್ದವು. ಕೊನೆಗೆ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿದಾಗ ಸುಮಾರು ನಾಲ್ಕು ಅಡಿಯ ಹುಳು ಸಿಕ್ಕಿತು. ಅಲ್ಲಿನ ಸಿಬ್ಬಂದಿ ಅದಕ್ಕೆ ಬ್ಯಾರಿ ಅಂತ ಹೆಸರಿಟ್ಟರು!

ಅವರು ಮಾಡಿದ್ದೇ ಸರಿಯಾದ ದಾರಿ. ಹುಳು ಯಾವ ಕಲ್ಲಿನಲ್ಲಿದೆ ಅಂತ ರಾತ್ರಿ ಕೆಂಪು ಬೆಳಕಿನಲ್ಲಿ ಕಾದು ನೋಡಿ. ಹುಳುಗಳಿಗೆ ಕೆಂಪು ಅಷ್ಟಾಗಿ ಕಾಣುವುದಿಲ್ಲ, ಗಾಬರಿಯಾಗದೆ ಓಡಾಡುತ್ತವೆ. ಜಾಗ ಗೊತ್ತಾದ ಮೇಲೆ ಆ ಕಲ್ಲನ್ನೇ ಹೊರಗೆ ತೆಗೆದು ಬಕೆಟ್‌ಗೆ ಹಾಕಿ. ತೂತಿನಿಂದ ಹೊರಬಂದ ಭಾಗವನ್ನು ಹಿಡಿದು ಜಗ್ಗಬೇಡಿ. ಹುಳು ತುಂಡಾಗುತ್ತದೆ, ಒಳಗುಳಿದ ತುಂಡು ಕೊಳೆಯುತ್ತದೆ, ಇಲ್ಲವೇ ಮತ್ತೆ ಬೆಳೆಯುತ್ತದೆ. ಬಕೆಟ್‌ನಲ್ಲಿ ಟ್ಯಾಂಕಿಗಿಂತ ಹೆಚ್ಚು ಉಪ್ಪಿನ ನೀರು ಮಾಡಿ, ಕಲ್ಲನ್ನು ಅದರಲ್ಲಿಟ್ಟರೆ ಹುಳು ತಡೆಯಲಾರದೆ ಹೊರಬರುತ್ತದೆ. ಸಿಹಿನೀರಿನಲ್ಲೂ ಬರುತ್ತದೆ, ಆದರೆ ಸಿಹಿನೀರು ಕಲ್ಲಿನ ಮೇಲಿನ ಬೇರೆ ಜೀವಗಳನ್ನೂ ಜಾಸ್ತಿ ಕೊಲ್ಲುತ್ತದೆ. ಓನೋನಿ ಫುಲ್ಜಿಡಾ ಅಂತ ಕಿತ್ತಳೆ ಬಣ್ಣದ, ಕೂದಲು ಕಾಣದ, ಲೋಳೆ ಸುರಿಸುವ ಹುಳು ಇದೆ. ಬಸವನಹುಳು, ಕಪ್ಪೆಚಿಪ್ಪು ಒಂದೊಂದಾಗಿ ಸಾಯುತ್ತಿದ್ದರೆ ಅದನ್ನು ಹುಡುಕಿ. ಉಪಾಯ ಅದೇ.

ಈಗ ಚಪ್ಪಟೆ ಹುಳು, ಅಂದರೆ ಫ್ಲಾಟ್ ವರ್ಮ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಟ್ಯಾಂಕ್ ಹಾಳಾಗುವುದು ಇಲ್ಲೇ.

ಗಾಜಿನ ಮೇಲೆ, ಮರಳಿನ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಕಾಣುತ್ತವೆ. ಹತ್ತಿರದಿಂದ ನೋಡಿದರೆ ಒಂದೊಂದೂ ಕೆಲವೇ ಮಿಲಿಮೀಟರ್, ಬಾಲದ ಕಡೆ ಮೂರು ತುದಿ, ನಿಧಾನವಾಗಿ ಜಾರುತ್ತಿರುತ್ತದೆ. ರೆಡ್ ಪ್ಲನೇರಿಯಾ ಅನ್ನುತ್ತಾರೆ, ಕಾನ್ವೊಲ್ಯುಟ್ರಿಲೋಬಾ ಕುಲದ್ದು. ಮೈಯೊಳಗೆ ಪಾಚಿ ಸಾಕಿಕೊಂಡಿರುವುದರಿಂದ ಬೆಳಕು ಚೆನ್ನಾಗಿ ಬೀಳುವ, ನೀರಿನ ಸೆಳೆತ ಕಡಿಮೆ ಇರುವ ಜಾಗ ಇವಕ್ಕೆ ಇಷ್ಟ. ಜೋಡಿ ಬೇಕಿಲ್ಲ, ಮೈಯಿಂದಲೇ ಮರಿ ಕಿತ್ತುಕೊಂಡು ಬರುತ್ತದೆ. ಹಾಗಾಗಿ ಹತ್ತು ಇದ್ದದ್ದು ಸಾವಿರ ಆಗಲು ಬಹಳ ದಿನ ಬೇಡ. ಇವು ಹವಳವನ್ನು ತಿನ್ನುವುದಿಲ್ಲ. ಅದರ ಮೇಲೆ ಹೊದಿಕೆಯಂತೆ ಕೂತು ಬೆಳಕು ತಪ್ಪಿಸುತ್ತವೆ.

ಮಾರುಕಟ್ಟೆಯಲ್ಲಿ ಇವಕ್ಕೆ ಔಷಧಿ ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ. ದನ ಕುರಿಗಳ ಜಂತುಹುಳುವಿಗೆ ಕೊಡುವ ಲೆವಮಿಸೋಲ್ ಬಳಸುವವರೂ ಇದ್ದಾರೆ. ತೊಂದರೆ ಇರುವುದು ಹುಳು ಸತ್ತ ಮೇಲೆ. ಸಾಯುವಾಗ ಅವುಗಳ ಮೈಯಿಂದ ವಿಷ ನೀರಿಗಿಳಿಯುತ್ತದೆ. ಸಾವಿರಾರು ಹುಳು ಒಟ್ಟಿಗೆ ಸತ್ತರೆ ಮೀನುಗಳು ಒದ್ದಾಡುತ್ತವೆ, ಕೆಲವೊಮ್ಮೆ ಒಂದೂ ಉಳಿಯುವುದಿಲ್ಲ. ಬಾಟಲಿಯ ಔಷಧಿ ಸರಿಯಿಲ್ಲ ಅಂತ ಬೈಯುವವರು ಇದನ್ನು ಗಮನಿಸಿರುವುದಿಲ್ಲ.

ಆದ್ದರಿಂದ ಮೊದಲು ಕೈಕೆಲಸ. ಗಾಳಿ ಪಂಪಿನ ತೆಳು ಪೈಪ್ ತೆಗೆದುಕೊಂಡು ಸೈಫನ್ ಹಾಕಿ, ಬಾಯಿಯನ್ನು ಹುಳುಗಳ ಮೇಲೆ ಆಡಿಸಿ ಎಳೆಯಿರಿ. ಇನ್ನೊಂದು ತುದಿಯನ್ನು ದಟ್ಟ ನೇಯ್ಗೆಯ ಫಿಲ್ಟರ್ ಚೀಲದೊಳಗೆ ಬಿಟ್ಟರೆ ಹುಳು ಅಲ್ಲೇ ಉಳಿಯುತ್ತದೆ, ನೀರನ್ನು ವಾಪಸ್ ಹಾಕಬಹುದು. ದಿನಾ ಸ್ವಲ್ಪ ಸ್ವಲ್ಪ ಮಾಡಿ. ಬೇಸರದ ಕೆಲಸ, ಒಪ್ಪುತ್ತೇನೆ. ಕಣ್ಣಿಗೆ ಕಾಣುವವು ಬೆರಳೆಣಿಕೆಗೆ ಇಳಿದ ಮೇಲೆ ಮಾತ್ರ ಔಷಧಿ. ಅದಕ್ಕೂ ಮೊದಲು ಒಂದು ಲೋಟದಲ್ಲಿ ಟ್ಯಾಂಕಿನ ನೀರು, ನಾಲ್ಕು ಹುಳು ಹಾಕಿ, ಔಷಧಿ ಬಿಟ್ಟು ಸಾಯುತ್ತವೋ ಇಲ್ಲವೋ ನೋಡಿ. ಹೊಸ ಉಪ್ಪುನೀರು ಕಲಸಿ ಟ್ಯಾಂಕಿನಷ್ಟೇ ಬೆಚ್ಚಗೆ ಮಾಡಿಟ್ಟಿರಬೇಕು. ನೀರಿನಲ್ಲಿನ ವಿಷ ಹೀರುವ ಒಳ್ಳೆಯ ಕಾರ್ಬನ್, ಅಂದರೆ ಫಿಲ್ಟರಿಗೆ ಹಾಕುವ ಇದ್ದಿಲು, ಕೈಗೆ ಸಿಗುವಂತಿರಬೇಕು. ಇವೆರಡು ತಯಾರಿಲ್ಲದೆ ಬಾಟಲಿಯ ಮುಚ್ಚಳ ತೆಗೆಯಬೇಡಿ. ಔಷಧಿ ಬಿದ್ದ ಸ್ವಲ್ಪ ಹೊತ್ತಿಗೆ ಹುಳುಗಳು ಮುದುರಿ, ಕೆಂಪು ಹೊಟ್ಟಿನ ಹಾಗೆ ತೇಲುತ್ತವೆ. ಆ ಹೊಟ್ಟನ್ನು ಕೂಡಲೇ ಎಳೆದು ತೆಗೆಯಿರಿ, ಕಾರ್ಬನ್ ಮೂಲಕ ನೀರು ಹಾಯಿಸಿ, ನೀರು ಬದಲಿಸಿ. ಬಚ್ಚಿಟ್ಟುಕೊಂಡ ಕೆಲವಾದರೂ ಉಳಿದಿರುತ್ತವೆ. ಮುಂದಿನ ವಾರ ಇನ್ನೊಮ್ಮೆ ಮಾಡಬೇಕು.

ಹವಳವನ್ನೇ ತಿನ್ನುವ ಚಪ್ಪಟೆ ಹುಳು ಬೇರೆ. ಕೊಂಬೆ ಕೊಂಬೆಯಾಗಿ ಬೆಳೆಯುವ ಅಕ್ರೋಪೋರಾ ಹವಳ ಸಾಕುವವರ ಶತ್ರು. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟಿದ್ದೇ 2011ರಲ್ಲಿ. ಮೈ ಪಾರದರ್ಶಕ. ತಿಂದ ಹವಳದ ಬಣ್ಣವೇ ಹೊಟ್ಟೆಯಲ್ಲಿ ಕಾಣುವುದರಿಂದ ಹವಳದ ಮೇಲೆ ಕೂತರೆ ಗುರುತೇ ಸಿಗುವುದಿಲ್ಲ. ಕಾಣುವುದು ಅದರ ಕೆಲಸ ಮಾತ್ರ: ಬಣ್ಣ ಮಂಕಾದ ಕೊಂಬೆ, ಮೇಲೆ ಸಣ್ಣ ಗುಂಡು ಗುಂಡು ಕಚ್ಚಿದ ಗುರುತು. ಸಿರಿಂಜಿನಿಂದ ರಭಸವಾಗಿ ನೀರು ಚಿಮ್ಮಿಸಿದರೆ ಒಂದೆರಡು ಕಿತ್ತು ಹಾರುತ್ತವೆ. ಕೊಂಬೆಯ ಬುಡದಲ್ಲಿ ಸತ್ತ ಭಾಗಕ್ಕೆ ಅಂಟಿದ ಕಂದು ಮೊಟ್ಟೆಯ ತೇಪೆ ಹುಡುಕಿ. ಹವಳದ ಡಿಪ್, ಅಂದರೆ ಹವಳವನ್ನು ಔಷಧಿ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದುವುದು, ದೊಡ್ಡ ಹುಳುವನ್ನು ಬೀಳಿಸುತ್ತದೆ, ಮೊಟ್ಟೆಗೆ ಏನೂ ಆಗುವುದಿಲ್ಲ. ಮೊಟ್ಟೆಯನ್ನು ಬ್ಲೇಡಿನಿಂದ ಕೆರೆಯಬೇಕು, ಅಥವಾ ಆ ಬುಡವನ್ನೇ ಕತ್ತರಿಸಿ ಎಸೆಯಬೇಕು. ಉಳಿದ ಮೊಟ್ಟೆ ಒಡೆದು ಬಂದ ಮರಿಗಳಿಗಾಗಿ ವಾರಕ್ಕೊಮ್ಮೆಯಂತೆ ಆರೇಳು ವಾರ ಡಿಪ್ ಮುಂದುವರಿಸಬೇಕು.

ಹುಳು ತಿನ್ನುವ ಮೀನು ತಂದರೆ ಆಗದೇ ಅಂತ ಕೇಳುತ್ತೀರಿ. ಸಿಕ್ಸ್‌ಲೈನ್ ರಾಸ್ ಸಣ್ಣ ಹುಳುಗಳನ್ನು ಹೆಕ್ಕುತ್ತದೆ, ಆದರೆ ಚಿಕ್ಕ ಟ್ಯಾಂಕಿನಲ್ಲಿ ಉಳಿದ ಮೀನುಗಳ ಜೀವ ತಿನ್ನುತ್ತದೆ. ಆ್ಯರೋ ಕ್ರ್ಯಾಬ್ ಬ್ರಿಸಲ್ ವರ್ಮ್ ಹಿಡಿಯುತ್ತದೆ, ಚಿಕ್ಕ ಮೀನು ಸಿಕ್ಕರೆ ಅದನ್ನೂ ಬಿಡುವುದಿಲ್ಲ. ಚೆಲಿಡೋನುರಾ ವೇರಿಯನ್ಸ್ ಅನ್ನುವ ನೀಲಿ ಗೆರೆಯ ಕಪ್ಪು ಗೊಂಡೆಹುಳು ಚಪ್ಪಟೆ ಹುಳು ಬಿಟ್ಟು ಬೇರೆ ತಿನ್ನುವುದೇ ಇಲ್ಲ. ಹುಳು ಮುಗಿದ ಮೇಲೆ ಉಪವಾಸ ಸಾಯುತ್ತದೆ. ಇದು ನನಗೆ ಒಪ್ಪಿಗೆಯಿಲ್ಲ. ಮುಂದೆ ಸಾಕುವ ಮನಸ್ಸಿಲ್ಲದ ಪ್ರಾಣಿಯನ್ನು ಔಷಧಿಯ ಹಾಗೆ ತರಬಾರದು.

ತಾಮ್ರದ ಔಷಧಿಯನ್ನಂತೂ ಹವಳದ ಟ್ಯಾಂಕಿಗೆ ತೋರಿಸಲೂ ಬೇಡಿ. ಬೆನ್ನೆಲುಬಿಲ್ಲದ ಎಲ್ಲವನ್ನೂ ಕೊಲ್ಲುತ್ತದೆ. ಕಲ್ಲು ಅದನ್ನು ಹೀರಿಕೊಂಡು ಮುಂದೆ ಎಷ್ಟೋ ಕಾಲ ನೀರಿಗೆ ಬಿಡುತ್ತದೆ.

ಹುಳು ಅಂದುಕೊಂಡು ಹೆದರುವ ಇನ್ನೂ ಕೆಲವು ಇವೆ. ಗಾಜಿನ ಮೇಲಿನ ಬಿಳಿ ಸುರುಳಿ ಚುಕ್ಕೆಗಳು ಸ್ಪೈರಾರ್ಬಿಡ್, ನಿರುಪದ್ರವಿ. ಕಲ್ಲಿನಿಂದ ದಾರದಂಥ ಎಳೆಗಳನ್ನು ಚಾಚುವುದು ಸ್ಪೆಗೆಟಿ ವರ್ಮ್, ಅದೂ ಕೆಲಸದ್ದೇ. ಗಟ್ಟಿ ಕೊಳವೆಯಿಂದ ಲೋಳೆಯ ಬಲೆ ಬೀಸುವುದು ವರ್ಮೆಟಿಡ್. ಅದು ಹುಳುವೇ ಅಲ್ಲ, ಬಸವನಹುಳುವಿನ ಜಾತಿ. ಅದರ ಬಲೆ ಹವಳಕ್ಕೆ ಕಿರಿಕಿರಿ ಮಾಡುತ್ತದೆ, ಕೊಳವೆ ಮುರಿದು ಬಾಯಿಗೆ ಅಂಟು ಹಚ್ಚಿ.

ಹೊಸ ಹವಳ ತಂದಾಗ ಅದನ್ನು ಅಂಟಿಸಿರುವ ಚಿಕ್ಕ ಬಿಲ್ಲೆಯನ್ನು, ಅಂದರೆ ಪ್ಲಗ್ ಅನ್ನು, ಕಿತ್ತೆಸೆದು, ಡಿಪ್ ಮಾಡಿ, ಬೇರೆ ಟ್ಯಾಂಕಿನಲ್ಲಿ ಕೆಲವು ವಾರ ಇಟ್ಟು ನೋಡಿ. ಹೊಸದಾಗಿ ಟ್ಯಾಂಕ್ ಶುರು ಮಾಡುವವರು ಒಣ ಕಲ್ಲು ಬಳಸಿದರೆ ಕಲ್ಲಿನ ಜೊತೆ ಹುಳು ಬರುವುದಿಲ್ಲ, ಟ್ಯಾಂಕ್ ಹದಕ್ಕೆ ಬರಲು ಮಾತ್ರ ಜಾಸ್ತಿ ಸಮಯ ಹಿಡಿಯುತ್ತದೆ.

ಪ್ರಶ್ನೆಗಳಿದ್ದರೆ ಈಗ ಕೇಳಿ. ಫೋಟೊ ತಂದವರು ತಲೆಯ ಭಾಗ ಕಾಣುವ ಚಿತ್ರವನ್ನು ಮೊದಲು ತೋರಿಸಿ. ಬಾಲ ನೋಡಿ ನಾನು ಏನೂ ಹೇಳಲಾರೆ.