ಗಗನ ಮಹಲ್ ಮುಂದೆ ಕರ ಕಟ್ಟುವ ಪಾಳಿ

ನಮಸ್ಕಾರ, ಎಲ್ಲರೂ ಹೇಗಿದ್ದೀರಿ?

ಬೆಳಗ್ಗೆ ಏಳೂವರೆ. ಗಂಗಾವತಿ ಬಿಟ್ಟು ಸುಮಾರು 12 ಕಿಲೋಮೀಟರ್ ಬಂದಿದ್ದೇವೆ. ಎರಡೂ ಕಡೆ ಭತ್ತದ ಗದ್ದೆ, ಆಮೇಲೆ ಬಾಳೆ ತೋಟ, ಅದರ ಹಿಂದೆ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳ ಗುಡ್ಡ. ಬೈಕ್ ಓಡಿಸುತ್ತಿರುವವರು ನಮ್ಮ ಸೋದರಮಾವ. ಅವರು ಹುಟ್ಟಿ ಬೆಳೆದ ಊರು ಇದು, ಆನೆಗುಂದಿ.

ಇಲ್ಲಿಗೆ ಬರುವವರು ಜಾಸ್ತಿ ಅಂಜನಾದ್ರಿ ಹತ್ತೋಕೆ ಬರುತ್ತಾರೆ. ಪಂಪಾ ಸರೋವರ ನೋಡುತ್ತಾರೆ. ತುಂಗಭದ್ರಾ ಹೊಳೆ ನಡುವಿನ ನವವೃಂದಾವನಕ್ಕೆ ಹೋಗಿ ಬರುತ್ತಾರೆ. ಊರೊಳಗೆ ಬಂದರೆ ರಂಗನಾಥನ ಗುಡಿ ಮುಂದೆ ಗಾಡಿ ನಿಲ್ಲಿಸಿ, ಎದುರಿಗಿರೋ ಗಗನ ಮಹಲ್‌ದು ಒಂದು ಫೋಟೋ ತೆಗೆದು ಹೊರಟುಬಿಡುತ್ತಾರೆ. ಇವತ್ತಿನ ವಿಡಿಯೋ ಪೂರ್ತಿ ಆ ಗಗನ ಮಹಲ್‌ದೇ. ಯಾಕೆ ಅಂದರೆ, 16ನೇ ಶತಮಾನದ ಈ ಅರಮನೆ ಕಟ್ಟಡದಲ್ಲೇ ಈ ಊರಿನ ಪಂಚಾಯಿತಿ ಕಚೇರಿ ನಡೆಯುತ್ತಿತ್ತು.

ನಗರಗಳಲ್ಲಿ ಬ್ರಿಟಿಷರ ಕಾಲದ ಟೌನ್‌ಹಾಲ್ ತೋರಿಸಿ ಹೆಮ್ಮೆಪಡುತ್ತಾರೆ. ಪಡಲಿ, ಚೆಂದದ ಕಟ್ಟಡಗಳೇ ಅವು. ಆದರೆ ವಿಜಯನಗರ ಕಾಲದ ಮಹಲಿನಲ್ಲಿ ಕೂತು ಮನೆ ಕರ ವಸೂಲಿ ಮಾಡಿದ ಊರು ಎಷ್ಟಿವೆ ಹೇಳಿ?

ಮಾವ ಬೈಕ್‌ನಿಂದ ಇಳಿಯುತ್ತಿದ್ದ ಹಾಗೇ ಬಾಗಿಲ ಕಡೆ ಕೈ ತೋರಿಸಿದರು. "ಇಲ್ಲೇ ಪಾಳಿ ನಿಂದ್ರತಿದ್ವಿ ನೋಡವಾ. ಮನಿ ಕರ ಕಟ್ಟಬೇಕು, ಮನಿ ದಾಖಲೆದ ಉತಾರ ತಗೋಬೇಕು. ಬಿಸಲಾಗ ನಿಂತ್ರೂ ಒಳಗ ಕಾಲಿಟ್ರ ತಂಪು."

ಆ ತಂಪಿನ ಗುಟ್ಟು ಗೋಡೆಯಲ್ಲೇ ಇದೆ. ಬನ್ನಿ, ಹತ್ತಿರ ಹೋಗೋಣ.

ಇಲ್ಲಿ ಗಾರೆ ಉದುರಿದೆ, ಕಾಣಿಸ್ತಾ? ಮೇಲೆ ಸುಣ್ಣ. ಉಗುರಿನಷ್ಟೂ ದಪ್ಪ ಇಲ್ಲದ ಪದರಗಳು, ಒಂದರ ಮೇಲೊಂದು, ಒಂದೊಂದು ಸಲ ಬಳಿದಾಗಿನದು ಒಂದೊಂದು ಪದರ. ಅದರ ಕೆಳಗೆ ಗಚ್ಚು. ಅದರ ಹಿಂದೆ ಒರಟು ಕಲ್ಲು. ಕಲ್ಲುಗಳು ಸಮ ಇಲ್ಲ, ಸಣ್ಣದು ದೊಡ್ಡದು ಎಲ್ಲಾ ಸೇರಿವೆ. ಅವನ್ನೆಲ್ಲ ಹಿಡಿದಿಟ್ಟಿರೋದು ಸುಣ್ಣದ ಗಚ್ಚು. ದಪ್ಪ ಗೋಡೆ ಆದ್ದರಿಂದ ಬಿಸಿಲಿನ ಕಾವು ಒಳಗೆ ಬರೋಕೆ ತುಂಬಾ ಹೊತ್ತು ಬೇಕು. ಮಾವ ಹೇಳಿದ ತಂಪು ಅದೇ.

ನನಗೆ ಕಣ್ಣು ಕೀಳೋಕೆ ಆಗದ ಜಾಗ ಇದು: ಒಂದೇ ಚೌಕ, ಎದುರು ಬದುರು ಎರಡು ಕಟ್ಟಡ. ಈ ಕಡೆ ರಂಗನಾಥನ ಗುಡಿ. ಕಲ್ಲಿನ ಕಂಬ, ಕಂಬದ ಮೇಲೆ ಕಲ್ಲಿನ ತೊಲೆ, ತೊಲೆ ಮೇಲೆ ಕಲ್ಲಿನ ಚಪ್ಪಡಿ. ಭಾರವೇ ಎಲ್ಲವನ್ನೂ ಹಿಡಿದು ಕೂರಿಸಿದೆ. ತೊಲೆ ತುಂಬಾ ಉದ್ದ ಆದರೆ ನಡುವೆ ಬಿರುಕು ಬಿಡುತ್ತದೆ. ಅದಕ್ಕೇ ನಮ್ಮ ಗುಡಿಗಳಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿ ಇರೋದು.

ಈಗ ತಿರುಗಿ ಮಹಲ್ ನೋಡಿ. ಕಮಾನಿನ ಕಿಟಕಿಗಳು, ಮುಂದಕ್ಕೆ ಚಾಚಿದ ಬಾಲ್ಕನಿ, ನೆತ್ತಿಯ ಮೇಲೆ ಪುಟ್ಟ ಗೋಪುರಗಳು. ಕಮಾನಿನಲ್ಲಿ ಭಾರ ನೇರ ಕೆಳಗೆ ಬೀಳಲ್ಲ, ಎರಡೂ ಪಕ್ಕಕ್ಕೆ ಜಾರಿ ಗೋಡೆಗೆ ಇಳಿಯುತ್ತದೆ. ಅದಕ್ಕೆ ಗೋಡೆ ದಪ್ಪ ಇರಲೇಬೇಕು. ಈ ವಿದ್ಯೆಯನ್ನು ವಿಜಯನಗರದವರು ಉತ್ತರದ ಬಹಮನಿ ಸುಲ್ತಾನರ ಕಡೆಯ ಕಟ್ಟಡಗಳಿಂದ ಕಲಿತರು. ಹೊಳೆ ಆಚೆ ಹಂಪಿಯಲ್ಲಿ ಕಮಲ ಮಹಲ್, ಆನೆ ಲಾಯ ನೋಡಿದ್ದೀರಲ್ವಾ, ಅದೇ ಬಳಗ ಇದು. ಗಡಿಯಲ್ಲಿ ಯುದ್ಧ ನಡೆಯುತ್ತಲೇ ಇತ್ತು, ಕಟ್ಟುವ ಕೈಗಳು ಮಾತ್ರ ಆ ಕಡೆಯ ವಿದ್ಯೆಯನ್ನು ಈ ಕಡೆ ತಂದು ಹಾಕಿದವು. ದೇವರಿಗೆ ಕಂಬ ತೊಲೆ, ಅರಮನೆಗೆ ಕಮಾನು. ಇದನ್ನು ಓದಿ ತಿಳಿಯೋದು ಬೇರೆ, ಈ ಚೌಕದಲ್ಲಿ ನಿಂತು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಿರುಗಿ ನೋಡೋದೇ ಬೇರೆ.

ಗಚ್ಚಿನ ಬಗ್ಗೆ ಇನ್ನೊಂದು ಮಾತು. ಹಿಂದಿನವರು ಸುಣ್ಣ, ಮರಳನ್ನು ಸುಮ್ನೆ ಕಲಸುತ್ತಿರಲಿಲ್ಲ. ದುಂಡನೆಯ ಕಾಲುವೆಯಲ್ಲಿ ಹಾಕಿ, ಎತ್ತು ಕಟ್ಟಿ, ಕಲ್ಲಿನ ಗಾಲಿ ಉರುಳಿಸಿ ದಿನಗಟ್ಟಲೆ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವ ರೂಢಿಯೂ ಇತ್ತು. ಇಂಥ ಗೋಡೆ ಮಳೆಗಾಲದಲ್ಲಿ ನೀರು ಹೀರುತ್ತದೆ, ಬಿಸಿಲಿಗೆ ಬಿಟ್ಟುಬಿಡುತ್ತದೆ. ಇದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಹಾಕಿಕೊಂಡು ಹಳೆ ಗಚ್ಚು ಪುಡಿಯಾಗುತ್ತಾ ಬರುತ್ತದೆ. ನಿಮ್ಮೂರಲ್ಲಿ ಹಳೆ ವಾಡೆ, ಹಳೆ ಚಾವಡಿ ರಿಪೇರಿ ಮಾಡಿಸುತ್ತಿದ್ದರೆ ದಯವಿಟ್ಟು ಸಿಮೆಂಟ್ ಬೇಡ ಅನ್ನಿ. ಸುಣ್ಣದ ಕೆಲಸ ಗೊತ್ತಿರೋರನ್ನು ಹುಡುಕಿ. ಇದನ್ನು ಕೈಮುಗಿದು ಕೇಳ್ತಿದ್ದೀನಿ.

ಇತಿಹಾಸ ಚುಟುಕಾಗಿ ಹೇಳ್ತೀನಿ. 1336ರಲ್ಲಿ ವಿಜಯನಗರ ಶುರುವಾಗುವ ಮೊದಲೇ ಆನೆಗುಂದಿ ಇತ್ತು. ಸಾಮ್ರಾಜ್ಯ ಬೆಳೆದಿದ್ದು ಹೊಳೆ ಆಚೆ. 1565ರ ಜನವರಿಯಲ್ಲಿ ರಕ್ಕಸತಂಗಡಿ (ತಾಳಿಕೋಟೆ) ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಹಂಪಿ ಹಾಳಾಯಿತು. ಅಲ್ಲಿನ ರಾಜರ ಅರಮನೆಗಳಲ್ಲಿ ಇವತ್ತು ಉಳಿದಿರೋದು ಬರೀ ಕಲ್ಲಿನ ಜಗಲಿಗಳು. ಮೇಲಿನ ಮರದ ಕೆಲಸ ಎಲ್ಲಾ ಹೋಯಿತು. ಆನೆಗುಂದಿಯಲ್ಲಿ ಜನ ಊರು ಬಿಡಲಿಲ್ಲ. ರಾಜಮನೆತನದವರೂ ಇಲ್ಲೇ ಇದ್ದಾರೆ. ಮುಂದೆ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತು. 1948ರ ಸೆಪ್ಟೆಂಬರ್ 17ರಂದು ಬಿಡುಗಡೆ ಆಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಆಗ ಇದು ರಾಯಚೂರು ಜಿಲ್ಲೆ, 1997ರಲ್ಲಿ ಕೊಪ್ಪಳ ಜಿಲ್ಲೆ ಆಯಿತು.

ಅಧಿಕಾರ ಇಷ್ಟು ಕೈ ಬದಲಾದರೂ ಮಹಲ್ ಬೀಳಲಿಲ್ಲ. ಬಳಕೆ ಅದನ್ನು ಕಾಪಾಡಿತು ಅನ್ನೋದು ನನ್ನ ನಂಬಿಕೆ. ದಿನಾ ಕಸ ಗುಡಿಸೋರು ಇದ್ದರೆ, ಸೋರಿದರೆ ಬೈಯೋರು ಇದ್ದರೆ, ಗೋಡೆಯಲ್ಲಿ ಆಲದ ಸಸಿ ಬೇರು ಬಿಡೋಕೆ ಬಿಡಲ್ಲ. ಕಚೇರಿ ಅಂದಮೇಲೆ ಮೊಳೆ ಹೊಡೆಯುತ್ತಾರೆ, ವೈರ್ ಎಳೆಯುತ್ತಾರೆ, ಅದೂ ನಿಜ. ಆದರೂ ಬೀಗ ಹಾಕಿ ಬಿಟ್ಟ ಕಟ್ಟಡಕ್ಕಿಂತ ಜನ ಓಡಾಡಿದ ಕಟ್ಟಡ ಜಾಸ್ತಿ ದಿನ ಬಾಳುತ್ತದೆ.

ಈಗ ಬಿಸಿಲು ಬಾಲ್ಕನಿಗೆ ಬಂತು. ಚೌಕದಲ್ಲಿ ಚಹಾದಂಗಡಿ ತೆರೆದಿದೆ. ಮಾವನನ್ನು ಕೇಳಿದೆ, ಅರಮನೆ ಒಳಗೆ ನಿಂತು ಕರ ಕಟ್ಟುವಾಗ ಏನನ್ನಿಸುತ್ತಿತ್ತು ಅಂತ.

"ಏನನಸ್ತದವಾ? ಚಿಲ್ರಿ ಐತೋ ಇಲ್ಲೋ ಅಂತ ಕಿಸೆ ನೋಡ್ಕೊಂತಿದ್ದೆ" ಅಂದರು. ಆಮೇಲೆ ಚಹಾ ಕಪ್ ಕೆಳಗಿಟ್ಟು, ಮೇಲಿನ ಕಮಾನನ್ನು ಸುಮಾರು ಹೊತ್ತು ನೋಡುತ್ತಾ ಕೂತರು.