ಮೊದಲು ಓದಿ, ಆಮೇಲೆ ಮೊಣಕಾಲೂರಿ

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು.

ದಿನಾ ಪ್ರಾರ್ಥನೆ ಮಾಡಬೇಕು, ದಿನಾ ಸತ್ಯವೇದ ಓದಬೇಕು ಅಂತ ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಸಂಡೇ ಸ್ಕೂಲಿನಿಂದಲೂ ಕೇಳಿಕೊಂಡೇ ಬಂದಿದ್ದೀರಿ. ಅದಕ್ಕೇ ಯಾಕೆ ಮಾಡಬೇಕು ಅನ್ನೋದನ್ನು ಬಿಟ್ಟು, ಕೂತ ಮೇಲೆ ಏನಾಗುತ್ತದೆ ಅನ್ನೋದನ್ನು ಮಾತಾಡೋಣ. ಕಣ್ಣು ಮುಚ್ಚಿ ಎರಡು ನಿಮಿಷ ಆಗಿರುವುದಿಲ್ಲ, ಬಾಯಿ "ಪರಲೋಕದಲ್ಲಿರುವ ನಮ್ಮ ತಂದೆಯೇ" ಅನ್ನುತ್ತಿರುತ್ತದೆ, ಮನಸ್ಸು ಮಾತ್ರ ಗ್ಯಾಸ್ ಬುಕ್ ಮಾಡಿದ್ದೀನೋ ಇಲ್ಲವೋ, ಮಗಳ ಫೀಸು ಕಟ್ಟೋಕೆ ಕೊನೇ ದಿನ ಯಾವತ್ತು ಅಂತ ಊರೆಲ್ಲಾ ಸುತ್ತುತ್ತಿರುತ್ತದೆ. ಹೌದು ಅಲ್ವಾ?

ಇದು ನಂಬಿಕೆ ಕಡಿಮೆ ಇರುವವರ ಕಾಯಿಲೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾರ್ಜ್ ಮುಲ್ಲರ್ ಅಂತ ಒಬ್ಬರಿದ್ದರು. ಯಾರ ಮುಂದೆಯೂ ಕೈಚಾಚದೆ, ಪ್ರಾರ್ಥನೆಯನ್ನೇ ನಂಬಿಕೊಂಡು ಸಾವಿರಾರು ಅನಾಥ ಮಕ್ಕಳನ್ನು ಸಾಕಿದವರು. ಅಂಥವರೇ 1841ರಲ್ಲಿ ಬರೆದುಕೊಂಡಿದ್ದಾರೆ: ವರ್ಷಗಟ್ಟಲೆ ಬೆಳಿಗ್ಗೆ ಎದ್ದು ಬಟ್ಟೆ ಹಾಕಿಕೊಂಡ ಕೂಡಲೇ ಪ್ರಾರ್ಥನೆಗೆ ಕೂರುತ್ತಿದ್ದರಂತೆ, ಎಷ್ಟೋ ಸಲ ಕಾಲು ಗಂಟೆ, ಅರ್ಧ ಗಂಟೆ ಮನಸ್ಸು ಅಲೆದಾಡುವುದರಲ್ಲೇ ಕಳೆದುಹೋಗುತ್ತಿತ್ತಂತೆ. ಆಮೇಲೆ ಅವರು ಮಾಡಿದ ಬದಲಾವಣೆ ಬಹಳ ಚಿಕ್ಕದು. ಕ್ರಮವನ್ನು ತಿರುಗಿಸಿದರು. ಮೊದಲು ಹೊಸ ಒಡಂಬಡಿಕೆ ತೆಗೆದು ನಿಧಾನವಾಗಿ ಓದಿ, ಓದಿದ್ದನ್ನು ಧ್ಯಾನಿಸತೊಡಗಿದರು. ಕೆಲವೇ ನಿಮಿಷಕ್ಕೆ ಆ ಮಾತೇ ತಪ್ಪೊಪ್ಪಿಗೆಯಾಗಿ, ಸ್ತೋತ್ರವಾಗಿ, ಬೇಡಿಕೆಯಾಗಿ ತಾನಾಗಿ ತಿರುಗುತ್ತಿತ್ತು ಅಂತ ಅವರೇ ಹೇಳುತ್ತಾರೆ.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದೂ ಇಷ್ಟೇ. ನಾವು ಮೊದಲು ಬಾಯಿ ತೆರೆದರೆ ನಮ್ಮ ಚಿಂತೆಗಳೇ ಹೊರಗೆ ಬರುತ್ತವೆ, ಆ ಚಿಂತೆಗಳ ಹಿಂದೆಯೇ ಮನಸ್ಸೂ ಹೊರಟುಬಿಡುತ್ತದೆ. ದೇವರು ಮೊದಲು ಮಾತಾಡಲಿ. ಆಗ ನಮಗೆ ಉತ್ತರ ಕೊಡುವ ಕೆಲಸ ಮಾತ್ರ ಉಳಿಯುತ್ತದೆ.

ಅದನ್ನು ಹೇಗೆ ಮಾಡೋದು? ಇದಕ್ಕೆ ಇನ್ನೂ ಹಳೆಯ ಉಪಾಯ ಒಂದಿದೆ. ವಿಟೆನ್‌ಬರ್ಗ್‌ನಲ್ಲಿ ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್‌ಗೆ ಕ್ಷೌರ ಮಾಡುತ್ತಿದ್ದ ಪೀಟರ್ ಅನ್ನುವವನು ಪ್ರಾರ್ಥನೆ ಮಾಡೋದು ಹೇಗೆ ಅಂತ ಕೇಳಿದ. ಲೂಥರ್ 1535ರಲ್ಲಿ ಅವನಿಗಾಗಿಯೇ ಒಂದು ಪುಟ್ಟ ಪುಸ್ತಕ ಬರೆದುಕೊಟ್ಟರು. ಒಬ್ಬ ಕ್ಷೌರಿಕನಿಗೆ! ಕ್ಷೌರ ಮಾಡುವವನು ಕಣ್ಣನ್ನು ಕತ್ತಿಯ ಮೇಲೆ ಇಡಬೇಕು, ಹರಟೆ ಹೊಡೆಯುತ್ತಾ ಕೂತರೆ ಗಿರಾಕಿಯ ಮೂಗೋ ಗಂಟಲೋ ಹೋದೀತು, ಪ್ರಾರ್ಥನೆಯೂ ಹಾಗೇ ಅಂತ ಅದರಲ್ಲಿ ತಮಾಷೆಯಾಗಿ ಬರೆದಿದ್ದಾರೆ. ಅವರ ವಿಧಾನ ಇದು: ಒಂದು ವಾಕ್ಯ ತೆಗೆದುಕೊಂಡು ಇದು ನನಗೆ ಏನು ಕಲಿಸುತ್ತದೆ, ಇದರಲ್ಲಿ ಯಾವುದಕ್ಕೆ ಸ್ತೋತ್ರ ಹೇಳಲಿ, ಏನನ್ನು ಒಪ್ಪಿಕೊಳ್ಳಲಿ, ಏನು ಬೇಡಿಕೊಳ್ಳಲಿ ಅಂತ ಕೇಳಿಕೊಳ್ಳುವುದು.

ನಮಗೆಲ್ಲಾ ಬಾಯಿಪಾಠ ಇರುವುದನ್ನೇ ತೆಗೆದುಕೊಳ್ಳಿ. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಏನು ಕಲಿಸುತ್ತದೆ? ನನ್ನನ್ನು ಕಾಯುವವನು ಒಬ್ಬನಿದ್ದಾನೆ, ನಾನು ಕುರಿ, ಕುರುಬ ಅಲ್ಲ. ಸ್ತೋತ್ರ ಯಾವುದಕ್ಕೆ? ಇವತ್ತು ಮನೆಯಲ್ಲಿ ಅಕ್ಕಿ ಇದೆಯಲ್ಲ, ಅದಕ್ಕೆ. ಒಪ್ಪಿಕೊಳ್ಳುವುದು? ಕೊರತೆಯಿಲ್ಲ ಅಂತ ಹಾಡುತ್ತಲೇ ಪಕ್ಕದ ಮನೆಯವರ ಹೊಸ ಕಾರು ನೋಡಿ ಹೊಟ್ಟೆ ಉರಿದುಕೊಂಡದ್ದು. ಬೇಡುವುದು? ಕೆಲಸ ಕಳೆದುಕೊಂಡು ಕೂತಿರುವ ತಮ್ಮನನ್ನೂ ಆ ಕುರುಬ ನಡೆಸಲಿ ಅಂತ. ನೋಡಿ, ಆಗಲೇ ಐದು ನಿಮಿಷ ಆಯಿತು. ತಮ್ಮನ ಚಿಂತೆ ಇಲ್ಲಿಯೂ ಬಂತು, ಆದರೆ ಈಗ ಪ್ರಾರ್ಥನೆಯಾಗಿ ಬಂತು.

ಓದುವ ವಿಷಯಕ್ಕೂ ಒಂದು ಮಾತು. ಜನವರಿಯಲ್ಲಿ ವರ್ಷದ ಪಟ್ಟಿ ಹಿಡಿದು ಶುರು ಮಾಡುತ್ತೀರಿ. ಆದಿಕಾಂಡ ಸಲೀಸಾಗಿ ಹೋಗುತ್ತದೆ, ವಿಮೋಚನಕಾಂಡವೂ ಅರ್ಧದವರೆಗೆ ಚೆನ್ನಾಗೇ ಇರುತ್ತದೆ, ಯಾಜಕಕಾಂಡದಲ್ಲಿ ಹೋಮದ ಕೊಬ್ಬು ಮತ್ತು ಮೂತ್ರಪಿಂಡಗಳ ಹತ್ತಿರ ಗಾಡಿ ನಿಂತುಬಿಡುತ್ತದೆ. ಇಡೀ ಸತ್ಯವೇದದಲ್ಲಿ 1189 ಅಧ್ಯಾಯ. ಹೊಸ ಒಡಂಬಡಿಕೆಯಲ್ಲಿ ಬರೀ 260, ಅಂದರೆ ವಾರಕ್ಕೆ ಐದೇ ದಿನ, ದಿನಕ್ಕೆ ಒಂದೇ ಅಧ್ಯಾಯ ಓದಿದರೂ ವರ್ಷಕ್ಕೆ ಮುಗಿಯುತ್ತದೆ. ಶುರು ಮಾಡುವವರು ಸುಮ್ನೆ ಇಷ್ಟು ಮಾಡಿ. ಸ್ಕಾಟ್ಲೆಂಡಿನ ಡಂಡೀ ಊರಿನ ಸಭಾಪಾಲಕ ಮೆಕ್‌ಶೇನ್ 1842ರಲ್ಲಿ ತಮ್ಮ ಸಭೆಗೆ ಮಾಡಿಕೊಟ್ಟ ಓದುವ ಪಟ್ಟಿ ಇವತ್ತಿಗೂ ಬಳಕೆಯಲ್ಲಿದೆ. ಅದು ಬರೀ ಆಚರಣೆ ಆಗಿಬಿಡಬಹುದು, ಓದಿದೆ ಅನ್ನುವ ಹೆಮ್ಮೆ ಬರಬಹುದು, ಹೊರಲಾರದ ಭಾರವೂ ಆಗಬಹುದು ಅಂತ ಪಟ್ಟಿ ಮಾಡಿದವರೇ ಎಚ್ಚರಿಸಿದ್ದರು. ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ್ದನ್ನು ಗಬಗಬ ಓದಬೇಡಿ. ಅಲ್ಲಿಂದ ಮುಂದುವರಿಸಿ, ಸಾಕು.

ಬೆಳಿಗ್ಗೆ ನಾಲ್ಕಕ್ಕೇ ಏಳಬೇಕಾ ಅಂತ ನೈಟ್ ಶಿಫ್ಟಿನವರು ಕೇಳುತ್ತಾರೆ. ಯೇಸು ಇನ್ನೂ ಕತ್ತಲೆಯಿರುವಾಗಲೇ ಎದ್ದು ಒಂಟಿಯಾದ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದ ಅಂತ ಮಾರ್ಕ ಬರೆಯುತ್ತಾನೆ, ನಿಜ. ದಾನಿಯೇಲನು ದಿನಕ್ಕೆ ಮೂರು ಸಲ. 119ನೇ ಕೀರ್ತನೆಯವನು ಮುಂಜಾನೆ ಎದ್ದು ಮೊರೆಯಿಟ್ಟದ್ದನ್ನೂ ಹೇಳುತ್ತಾನೆ, ಮಧ್ಯರಾತ್ರಿ ಎದ್ದು ಕೊಂಡಾಡಿದ್ದನ್ನೂ ಹೇಳುತ್ತಾನೆ. ನಿಮ್ಮ ಮನೆಯಲ್ಲಿ ಗಲಾಟೆ ಯಾವಾಗ ಕಡಿಮೆಯೋ ಆ ಹೊತ್ತು ಹಿಡಿಯಿರಿ. ಫೋನ್ ಮಾತ್ರ ಬೇರೆ ಕೋಣೆಯಲ್ಲಿರಲಿ, ಆ್ಯಪ್‌ನಲ್ಲಿ ಓದುತ್ತೇನೆ ಅನ್ನುವವರಿಗೂ ಕಾಗದದ ಪುಸ್ತಕವೇ ವಾಸಿ ಅಂತ ನನ್ನ ಅಭಿಪ್ರಾಯ.

ಮತ್ತೆ ಓದೋಕೂ ಮನಸ್ಸಿಲ್ಲದ, ದೇವರ ಮೇಲೆ ಸಿಟ್ಟು ಬಂದಿರುವ ದಿನಗಳು. ಆ ದಿನಗಳಿಗೇ ಕೀರ್ತನೆಗಳಿರುವುದು. 88ನೆಯದು ಕತ್ತಲಲ್ಲೇ ಮುಗಿಯುತ್ತದೆ, ಒಂದು ಸಮಾಧಾನದ ಮಾತೂ ಇಲ್ಲ, ಆದರೂ ಅದು ಸತ್ಯವೇದದಲ್ಲಿದೆ. 13ನೆಯದು ದೇವರನ್ನೇ ಇನ್ನೆಷ್ಟು ದಿನ ಮರೆತಿರುತ್ತೀ ಅಂತ ಕೇಳುತ್ತದೆ. ಇಂಥ ಮಾತನ್ನು ನಾವಾಗಿ ಆಡಲು ಹೆದರುತ್ತೇವೆ, ದೇವರು ಅದನ್ನು ಬರೆಸಿ ನಮ್ಮ ಕೈಗೇ ಕೊಟ್ಟಿದ್ದಾನೆ.

ಈಗ ಎಲ್ಲರೂ 13ನೇ ಕೀರ್ತನೆ ತೆಗೆಯಿರಿ, ಚಿಕ್ಕದು. ಯಾರಾದರೂ ಒಬ್ಬರು ಜೋರಾಗಿ ಓದಲಿ. ಆಮೇಲೆ ಒಂದೊಂದು ವಚನ ಹಿಡಿದು ಪ್ರಾರ್ಥನೆ ಮಾಡೋಣ.